ಕ್ರೀಡಾಂಗಣದ ಕೆಳಗಿನ ಇಪ್ಪತ್ತೆರಡು ಮೆಟ್ಟಿಲು

ಇದು ವಾಕಡದ ನಮ್ಮ ಮೇಲಿನ ಮಹಡಿಯ ಮಲಕಪ್ಪನಿಗೆ ಆದದ್ದು. ಆ ಲೈಟು ಹಾಗೇ ಇರಲಿ... ಆರಿಸಬೇಡಿ.

ಆವತ್ತು ರಾತ್ರಿ ಹತ್ತು ದಾಟಿತ್ತು. ತಳೇಗಾಂವ ದಾಭಾಡೆಯ ಆಚೆ, ಸೈನ್ಯದ ಹಳೇ ಡಿಪೊ ಬಯಲಿನಲ್ಲಿ ಅವನೊಬ್ಬನೇ ಬರುತ್ತಿದ್ದ. ಮರುದಿನ ಅಲ್ಲಿ ಕ್ರೀಡಾಂಗಣಕ್ಕೆ ಭೂಮಿಪೂಜೆ. ಪೆಂಡಾಲು, ಕುರ್ಚಿ ಎಲ್ಲ ನೋಡಿಕೊಂಡು ಹೊರಡುವಷ್ಟರಲ್ಲಿ ಮುಂದಿನ ಗೇಟಿಗೆ ಬೀಗ ಬಿದ್ದಿತ್ತು. ಉಳಿದದ್ದು ಹಿಂದಿನ ದಾರಿ. ಆಲದ ಮರದ ಕೆಳಗಿನದು.

ಆ ನಲವತ್ತು ಎಕರೆಯನ್ನು ಸೈನ್ಯ ‘ಹೆಚ್ಚುವರಿ’ ಎಂದು ಬಿಟ್ಟುಕೊಟ್ಟಿತ್ತು. ಬಿಟ್ಟುಕೊಟ್ಟ ಜಾಗ ಖಾಲಿ ಇರಬೇಕೆಂಬುದು ನಿಯಮ. ಖಾಲಿ ಇದೆ ಎಂದು ಬರೆದುಕೊಡುವುದು ಮಲಕಪ್ಪನ ಉದ್ಯೋಗ. ಶಿವಾಜಿನಗರದ ಒಂದು ಸರ್ವೆ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದ, ಚೆನ್ನಾಗಿಯೇ ಮಾಡುತ್ತಿದ್ದ. ಈ ಸಲ ಎರಡು ತೊಡಕಿದ್ದವು. ಆಲದ ಪಕ್ಕ ಕಲ್ಲು ಮೆಟ್ಟಿಲಿನ ಒಂದು ಬಾವಿ. ಬಾವಿಯ ಪಕ್ಕ ತಗಡಿನ ಗುಡಿಸಲು, ಅದರಲ್ಲಿ ಭೀಮವ್ವ.

ಇಂಡಿ ಕಡೆಯ ಮುದುಕಿ. ಮೂವತ್ತು ವರ್ಷದಿಂದ ಡಿಪೊದ ಹುಲ್ಲು ಕೊಯ್ದುಕೊಂಡು ಅಲ್ಲೇ ಇದ್ದಳು. ಯಾರು ಕಾಗದ ಹಿಡಿದು ಹೋದರೂ ಕುಡುಗೋಲು ತೋರಿಸುತ್ತಿದ್ದಳು. ಹಾಗಾಗಿ ಕಚೇರಿಯವರು ಅವಳ ಹಾಗೇ ಕನ್ನಡ ಮಾತಿನವನನ್ನೇ ಕಳಿಸಿದರು. ಮಲಕಪ್ಪನಿಗೆ ಅವಳು ರೊಟ್ಟಿ ಕೊಟ್ಟಳು, ಮೇಲೆ ಶೇಂಗಾ ಚಟ್ನಿಪುಡಿ.

“ನಮ್ಮ ಕಡ್ಯಾಂವ ಬಂದಿ, ಇನ್ನ ನನ್ನ ಮನಿ ಉಳೀತು. ಇದ್ರಾಗ ಏನ್ ಬರದದ, ತಮ್ಮಾ?”

“ಏನಿಲ್ಲ ಯವ್ವಾ. ರೂಢಿ ಕಾಗದ. ಹೆಬ್ಬಟ್ಟ ಒತ್ತು.”

ಒತ್ತಿದಳು. ಕಾಗದದಲ್ಲಿ ಮರಾಠಿಯಲ್ಲಿ ಬರೆದಿತ್ತು: ನಾನು ಇಲ್ಲಿ ವಾಸವಾಗಿಲ್ಲ.

ಬಾವಿಯನ್ನೂ ಅವನೇ ಅಳೆದ. ಮೆಟ್ಟಿಲು ಇಪ್ಪತ್ತೆರಡು. ಆಮೇಲೆ ವರದಿಯಲ್ಲಿ ‘ಬಾವಿ: ಇಲ್ಲ’ ಎಂದು ತುಂಬಿದ. ಇಲ್ಲದ ಬಾವಿಯನ್ನು ಮುಚ್ಚಲು ಏಳು ಡಂಪರ್ ಮಣ್ಣು ಬೇಕಾಯಿತು. ಮಣ್ಣು ಸುರಿದ ಆ ಸಂಜೆ ಭೀಮವ್ವ ಕೊಡ ಹಿಡಿದು ಕೆಳಗೆ ಇಳಿದಿದ್ದಳು. ಯಾರೂ ಇಣುಕಲಿಲ್ಲ. ಅಲ್ಲಿ ಯಾರೂ ಇಲ್ಲವೆಂದು ಕಾಗದವೇ ಇತ್ತಲ್ಲ.

ಅವಳ ಅಕ್ಕನ ಮಗ ಮಾಂತು ಮೂರು ಸಲ ಪೊಲೀಸ್ ಚೌಕಿಗೆ ಹೋದ. ವಾಸವೇ ಇಲ್ಲದವಳು ಕಾಣೆಯಾಗುವುದು ಹೇಗೆ ಎಂದರು. ಕೊನೆಗೆ ಮಲಕಪ್ಪನ ಬಾಗಿಲಿಗೆ ಬಂದ.

“ಒಮ್ಮೆ ಆ ಮಣ್ಣ ಅಗಸಿ ನೋಡ್ರಿ, ಸಾಹೇಬ್ರ.”

“ಎಲ್ಲೆ ಅಗಸಲಿ? ಅಲ್ಲೆ ಬಾವೀನ ಇಲ್ಲ,” ಎಂದು ಮಲಕಪ್ಪ ಬಾಗಿಲು ಹಾಕಿಕೊಂಡ.

ಇರಲಿ. ಆ ರಾತ್ರಿ ಆಲದ ಬುಡಕ್ಕೆ ಬಂದಾಗ... ಬುಳುಕ್ ಎಂದಿತು. ನೀರಿಗೆ ಕೊಡ ಅದ್ದಿದ ಸದ್ದು. ಗುಳು ಗುಳು ಗುಳು... ಕೊಡ ತುಂಬಿತು. ನೆಲದ ಕೆಳಗೆ.

ಮಲಕಪ್ಪ ನಿಂತ.

ತಪ್... ಒದ್ದೆ ಕಾಲು, ಕಲ್ಲಿನ ಮೇಲೆ. ತಪ್... ತಪ್...

ಬೇರೆಯವರಾದರೆ ಓಡುತ್ತಿದ್ದರು. ಇವನು ಸರ್ವೆಯವನು, ಎಣಿಸತೊಡಗಿದ. ಹದಿನೆಂಟು... ಹತ್ತೊಂಬತ್ತು... ಇಪ್ಪತ್ತರಲ್ಲಿ ಸದ್ದು ನಿಂತಿತು. ಯಾರೋ ಏದುಸಿರು ಬಿಟ್ಟರು. ಇಪ್ಪತ್ತೊಂದು. ಇಪ್ಪತ್ತೆರಡು.

ಕುತ್ತಿಗೆಯ ಹಿಂದೆ ಹಸಿ ಮಣ್ಣಿನ ವಾಸನೆ.

“ತಮ್ಮಾ... ಹೆಬ್ಬಟ್ಟ ಕೊಡು.”

“ಏ... ಏನ್ ಬರದದ ಅದ್ರಾಗ?”

“ಏನಿಲ್ಲೋ. ರೂಢಿ ಕಾಗದ.”

“ಯವ್ವಾ, ಅಗಸ್ತೀನಿ. ನಾಳೇನ ಅಗಸ್ತೀನಿ.”

“ಎಲ್ಲೆ ಅಗಸ್ತಿ?” ನಕ್ಕಳೋ ಏನೋ, ಕೊಡದಲ್ಲಿ ನೀರು ಕುಲುಕಿದ ಹಾಗಾಯಿತು.

ತಣ್ಣನೆಯ ಬೆರಳುಗಳು ಅವನ ಹೆಬ್ಬೆರಳನ್ನು ಹಿಡಿದು ಒದ್ದೆಯಾದ ಏನಕ್ಕೋ ಒತ್ತಿದವು. ಅವಸರವೇನೂ ಇರಲಿಲ್ಲ. ಆಮೇಲೆ ಮೆಟ್ಟಿಲು ಇಳಿದು ಹೋದ ಸದ್ದು. ಈ ಸಲ ಅವನು ಎಣಿಸಲಿಲ್ಲ.

ಮರುದಿನ ಭೂಮಿಪೂಜೆಯ ಗೇಟಿನಲ್ಲಿ ಅವನನ್ನು ಒಳಗೆ ಬಿಡಲಿಲ್ಲ. ಪಟ್ಟಿಯಲ್ಲಿ ಹೆಸರಿರಲಿಲ್ಲ. ಕಚೇರಿಯ ಹಾಜರಿ ಯಂತ್ರ ಅವನ ಹೆಬ್ಬೆರಳನ್ನು ಒಪ್ಪಲಿಲ್ಲ. ಪಕ್ಕದ ಮೇಜಿನ ಸ್ವಪ್ನಿಲ್, “ಕಾಕಾ, ಅಂಗಠಾ ಪುಸಾ,” ಎಂದು ಕರವಸ್ತ್ರ ಕೊಟ್ಟ. ಮಲಕಪ್ಪ ಹೆಬ್ಬೆರಳು ಒರೆಸಿ ನೋಡಿಕೊಂಡ. ಗೆರೆಗಳೇ ಇಲ್ಲ, ನೀರು ತಿಂದ ಕಲ್ಲಿನ ಹಾಗೆ ನುಣ್ಣಗಿತ್ತು. ಎಂಟನೇ ದಿನ ಅದೇ ಸ್ವಪ್ನಿಲ್ ತಲೆಯೆತ್ತಿ, ತಮಗೆ ಯಾರು ಬೇಕಾಗಿತ್ತು ಎಂದು ಬಹಳ ಮರ್ಯಾದೆಯಿಂದ ಕೇಳಿದ. ಬಾವಿ ಅಗೆಸಿ ಎಂದು ಮಲಕಪ್ಪ ಅರ್ಜಿ ಬರೆದ. ‘ಅರ್ಜಿದಾರರು ಪತ್ತೆಯಿಲ್ಲ’ ಎಂಬ ಷರಾದೊಂದಿಗೆ ಅದು ಅವನ ಮನೆಗೇ ವಾಪಸು ಬಂತು.

ಹೆಂಡತಿ ರೇಣು ಮಾತ್ರ ದಿನಾ ಅವನಿಗೆ ಚಹಾ ಕೊಡುತ್ತಿದ್ದಳು. ಅದೊಂದು ಇದೆಯಲ್ಲ ಎಂದುಕೊಂಡಿದ್ದ.

ಕಳೆದ ತಿಂಗಳು ಜನಗಣತಿಗೆ ನೀತಾ ಎಂಬ ಶಿಕ್ಷಕಿ ಬಂದರು. ರೇಣು ಚಹಾ ತಂದಿಟ್ಟು ತನ್ನ ಹೆಸರು ಹೇಳಿದಳು, ಮಗಳು ಪುಟ್ಟಿಯದು ಹೇಳಿದಳು. ಮನೆಯಲ್ಲಿ ಇನ್ಯಾರಿದ್ದಾರೆ ಎಂದು ನೀತಾ ಕೇಳಿದರು. ಮಲಕಪ್ಪ ಎದುರಿನ ಕುರ್ಚಿಯಲ್ಲೇ ಇದ್ದ.

“ನಾ ಇದ್ದೀನಲ್ಲ, ರೇಣು,” ಎಂದ, ಮೆಲ್ಲಗೆ.

ರೇಣು ಆ ಕುರ್ಚಿಯನ್ನು ಸ್ವಲ್ಪ ಹೊತ್ತು ನೋಡಿದಳು. ಏನೋ ಮರೆತವಳ ಹಾಗೆ ಸೆರಗು ಸರಿಮಾಡಿಕೊಂಡು, ಯಾರೂ ಇಲ್ಲ, ಇಬ್ಬರೇ ಎಂದಳು.

ನೀತಾ ಹಾಗೇ ಬರೆದುಕೊಂಡರು. ನಾನು ಕತೆ ಕಟ್ಟುತ್ತಿಲ್ಲ. ಅವರ ಪಕ್ಕದ ಮನೆಯ ಅನ್ನಪೂರ್ಣಮ್ಮ ಅಲ್ಲೇ ಕೂತಿದ್ದರು, ಹೋಗಿ ಕೇಳಿ. ಆ ಕುರ್ಚಿಯ ಮುಂದಿದ್ದ ಚಹಾದ ಲೋಟವನ್ನು ಎತ್ತಿಟ್ಟವರು ಅವರೇ. ಲೋಟ ಖಾಲಿಯಾಗಿತ್ತು. ಇನ್ನೂ ಬೆಚ್ಚಗಿತ್ತು.