ಹೆಂಡತಿಯ ಭುಜದ ಮೇಲೆ ಮುಗಿದ ಸಿನಿಮಾ

ಆ ಮದುಮಗನಿಗೆ ನಿದ್ದೆ ಸಾಲದಾಗಿತ್ತು. ಸೂಪರ್‌ಹೀರೋ ಸಿನಿಮಾ ಮುಗಿದು ದೀಪ ಹತ್ತಿದರೂ ಅವನ ತಲೆ ಹೆಂಡತಿಯ ಭುಜದ ಮೇಲೆಯೇ ಇತ್ತು. ಥಿಯೇಟರ್ ಗುಡಿಸುವವಳು ಪೊರಕೆ ಹಿಡಿದು ಹಿಂದಿನ ಸಾಲಿನಲ್ಲಿ ಕಾದಳು. ಕೊನೆಗೆ ಅವನು ದಡಬಡಿಸಿ ಕಣ್ಣು ಬಿಟ್ಟ.

"ಮುಗೀತಾ? ಎಬ್ಬಿಸಬಾರದಿತ್ತಾ?"

"ಹನಿಮೂನಿಗೆ ರಜಾ ಸಿಗ್ಲಿ ಅಂತ ವಾರವೆಲ್ಲಾ ರಾತ್ರಿಪಾಳಿ ಮಾಡಿದ್ರಿ. ಪಾಪ ಅನ್ನಿಸ್ತು."

"ಈ ಸಿನಿಮಾಕ್ಕೆ ಮೂರು ವರ್ಷ ಕಾದಿದ್ದೆ ಕಣೇ!"

"ಎಬ್ಬಿಸಿದ್ರೆ ರೇಗ್ತೀರೋ ಏನೋ, ನಂಗಿನ್ನೂ ಗೊತ್ತಿಲ್ವಲ್ಲ."

ಅವನು ಮುಖ ಉಜ್ಜಿಕೊಂಡ.

"ಹೋಗ್ಲಿ, ಕೊನೆಗೆ ಅವನು ಸತ್ತನಾ?"

"ಯಾರು?"

"ಹಾರೋನು."

"ಎಲ್ಲರೂ ಹಾರಿದ್ರಲ್ರೀ."

"ನಾಳೆ ಇನ್ನೊಂದ್ಸಲ ನೋಡೋಣ್ವಾ?"

"ನಾಳೆ ಬೆಳಿಗ್ಗೆ ಊರಿಗೆ ಬಸ್ಸು. ಸಂಜೆಗೆ ನಿಮ್ಮ ಡ್ಯೂಟಿ."

ಅವಳು ಜೋಮು ಹಿಡಿದ ಭುಜ ತಿಕ್ಕುತ್ತಾ ಎದ್ದಳು. ಅವನೂ ಎದ್ದ. ಗುಡಿಸುವವಳು ದಾರಿ ಬಿಟ್ಟಳು. ಒಂದು ಸಿನಿಮಾ ಹೋಗಿತ್ತು. ಎರಡು ದಿನದ ಹನಿಮೂನಿನಲ್ಲಿ ಒಂದು ಸಂಜೆಯೂ ಹೋಗಿತ್ತು.