ಗಾಜಿಗೆ ಹಿಡಿದ ತಟ್ಟೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ಸುಟ್ಟಗಾಯ ವಾರ್ಡಿನ ನಮ್ಮ ಸರ್ಜನ್ನರೇ, ಊಟ ತಡವಾದರೂ ಎದ್ದು ಹೋಗದ ಸಭಿಕರೇ,

ನಾನು ರೋಗಾಣು ಪ್ರಯೋಗಾಲಯದವಳು. ಮನುಷ್ಯರಿಗಿಂತ ಅವರೊಳಗೆ ನುಗ್ಗಿದವರ ಪರಿಚಯವೇ ನನಗೆ ಹೆಚ್ಚು.

ಚರ್ಮ ಎಂದರೇನು? ಮೈಯ ಗೋಡೆ. ಅದು ಸುಟ್ಟುಹೋದರೆ, ಗಾಯದ ಮೇಲೆ ಕೂತ ರೋಗಾಣು ಸದ್ದಿಲ್ಲದೆ ರಕ್ತಕ್ಕಿಳಿಯುತ್ತದೆ. ಮೈ ಸುಟ್ಟುಕೊಂಡವರಿಗೆ ಹೇಗೂ ಜ್ವರ ಇರುತ್ತದೆ. ಹಾಗಾದರೆ ಅದು ಇಳಿದದ್ದನ್ನು ಹೇಳುವವರು ಯಾರು?

ಒಂದು ಉದಾಹರಣೆ. ಬೇಕರಿಯ ಒಲೆ ಸಿಡಿದು ಎದೆ, ತೋಳು ಬೆಂದ ರೋಗಿಯೊಬ್ಬ. ಚೇತರಿಸಿಕೊಳ್ಳುತ್ತಿದ್ದವನು ಒಂದು ಬೆಳಗ್ಗೆ ಏನೇನೋ ಬಡಬಡಿಸತೊಡಗಿದ. ಸರ್ಜನ್ನರು ತಕ್ಷಣ ರಕ್ತ ತೆಗೆದು ಕಳಿಸಿದರು. ರೋಗಾಣು ಬೆಳೆಸುವ ನನ್ನ ತಟ್ಟೆಯಲ್ಲಿ ಅದು ಬೆಳೆಯಿತು: ಹಸಿರು ಬಣ್ಣ, ಲೋಹದ ಹೊಳಪು, ದ್ರಾಕ್ಷಿಯ ವಾಸನೆ. ಅದರ ಮೇಲೆ ಔಷಧಿಯ ಬಿಲ್ಲೆಗಳನ್ನಿಟ್ಟು ಕಾದೆ. ಎಲ್ಲ ಬಿಲ್ಲೆಗಳನ್ನೂ ಹಸಿರು ಮುತ್ತಿತು; ಒಂದರ ಸುತ್ತ ಮಾತ್ರ ಬಯಲು. ರೋಗಾಣುವನ್ನು ಕೊಲ್ಲಬಲ್ಲದ್ದು ಅದೊಂದೇ; ಆದರೆ ಮೂತ್ರಪಿಂಡಕ್ಕೆ ಕೇಡು ಮಾಡುವ ಔಷಧಿ.

"ಕೊಡೋಣ್ವಾ ಮೇಡಂ?" ಎಂದರು ಸರ್ಜನ್ನರು.

"ಬೇರೆ ಏನಿದೆ ಸರ್?"

ಕೊಟ್ಟರು. ರೋಗಿಯ ಮಾತು ತಿಳಿಯಾಯಿತು. ರಕ್ತ ತಿಳಿಯಾಗಿತ್ತೇ? ಗೊತ್ತಿರಲಿಲ್ಲ. ಮತ್ತೆ ರಕ್ತ ತೆಗೆದು ಕಾಯುತ್ತಿದ್ದೆವು. ಅವನಿಗೋ ಒಂದೇ ಹಠ.

"ಹೇಳ್ದೆ ಕೇಳ್ದೆ ಒಳಗೆ ಬಂದು ಕೂತೋನು ಯಾರು? ಮುಖ ತೋರ್ಸೇ ಅಕ್ಕಾ!"

ಹೌದು, ನನ್ನ ತಮ್ಮ. ಈ ಸಭೆಯಲ್ಲಿ ಹೇಳಬಾರದು ಎಂದುಕೊಂಡಿದ್ದೆ.

ಪ್ರಯೋಗಾಲಯದ ತಟ್ಟೆಯನ್ನು ವಾರ್ಡಿನ ಹತ್ತಿರ ತರುವುದುಂಟೇ? ಸರ್ಜನ್ನರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ತಾವೇ ಭದ್ರವಾಗಿ ಮುಚ್ಚಿದ ತಟ್ಟೆಯನ್ನು ಹೊರಗಿನಿಂದ ಕಿಟಕಿಯ ಗಾಜಿಗೆ ಹಿಡಿದು ನಿಂತರು. ನನ್ನ ತಮ್ಮ ಹಾಸಿಗೆಯಿಂದಲೇ ಕತ್ತು ಎತ್ತಿ ನೋಡಿದ. ಒಳಗಿನ ಫೋನಿನಲ್ಲಿ ಅವನ ದನಿ:

"ಚೆನ್ನಾಗಿದಾನೆ ಕಣೇ."

ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಪಕ್ಕದಲ್ಲೇ ಅಮ್ಮ ನಿಂತಿದ್ದಳು; ಅವಳ ಎದುರು ಆಡುವ ಮಾತೇ ಅದು?

ಎರಡನೆಯ ರಕ್ತದ ಫಲಿತಾಂಶ ಬಂದಾಗ ಮುಚ್ಚಿದ ತಟ್ಟೆ ಹಿಡಿದೇ ಕಿಟಕಿಗೆ ಓಡಿದೆ. "ಏನೂ ಬೆಳ್ದಿಲ್ಲ ಕಣೋ!"

"ಏನೂ ಇಲ್ವಾ?" ಅವನಿಗೆ ನಿರಾಸೆ. "ನೋಡೋಕೂ ಇಲ್ವಾ?"

"ಇಲ್ಲಪ್ಪಾ," ಎನ್ನುತ್ತ ಹಿಂದೆಯೇ ಬಂದ ಸರ್ಜನ್ನರು ನನ್ನ ಕೈಯಿಂದ ಖಾಲಿ ತಟ್ಟೆಯನ್ನು ಇಸಕೊಂಡು, ಅದನ್ನೂ ಗಾಜಿಗೆ ಹಿಡಿದರು. ಏನೂ ಇಲ್ಲದ ಅದನ್ನು ನಾವು ಮೂವರೂ ಬಹಳ ಹೊತ್ತು ನೋಡಿದೆವು.

ಸರ್, ಅಂದು ಹೇಳದೆ ಉಳಿದ ಧನ್ಯವಾದ ಇದು. ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ನಮಸ್ಕಾರ.