ಮೇಜಿನ ಮೇಲೆ ಬಿದ್ದ ಮಾತು

ಹಲೋ… ಹಲೋ, ಯಾರು ಮಾತಾಡ್ತಿರೋದು?…

ಇಲ್ಲ ಇಲ್ಲ, ರಾಂಗ್ ನಂಬರ್ ಅಲ್ಲ, ಇಡಬೇಡಿ. ಫೋನ್ ಅವರದ್ದೇ, ಎತ್ತಿರೋಳು ನಾನು ಅಷ್ಟೆ… ನಾನಾ? ಬೈಂಡಿಂಗ್ ಅಂಗಡಿಯವಳು. ಝೆರಾಕ್ಸು, ಪ್ರಿಂಟು, ಪುಸ್ತಕಕ್ಕೆ ರಟ್ಟು ಹಾಕೋದು… ಯಜಮಾನ್ರು ನಿನ್ನೆ ಸಂಜೆ ಇಲ್ಲಿಗೆ ಬಂದಿದ್ರು, ಹೋಗೋವಾಗ ಫೋನ್ ಬಿಟ್ಟು ಹೋದ್ರು. ಬೆಳಿಗ್ಗೆ ಅವರ ಕನ್ನಡಕದ ಅಂಗಡಿಗೆ ಹೋಗಿ ಕೊಟ್ಟು ಬರೋಣ ಅಂತ ನೋಡಿದ್ರೆ, ಬಾಗಿಲು ಹಾಕಿತ್ತು…

ಹಾಂ, ಗೊತ್ತಾಯ್ತು. ನೀವು ಮಗಳು, ಅಲ್ವಾ?… ಹೇಗೆ ಅಂದ್ರೆ, ಪುಟ್ಟಿ ಅಂತ ಬಂತಲ್ಲ ಸ್ಕ್ರೀನ್ ಮೇಲೆ…

ಹಲೋ? ಇದೀರಾ?… ಹೌದಮ್ಮ, ಪುಟ್ಟಿ ಅಂತಾನೇ ಇದೆ. ಅಳಿಸಿಲ್ಲ. ಮಾತು ಬಿಟ್ಟ ಮಾತ್ರಕ್ಕೆ ಹೆಸರು ಅಳಿಸ್ತಾರಾ ಯಾರಾದ್ರೂ…

ಏನಂದ್ರಿ? ಯಜಮಾನ್ರು ನಿಮ್ಮ ಅಂಗಡಿ ಎದುರಿಗಾ? ಈಗ್ಲಾ?… ಒಂದು ನಿಮಿಷ, ಈ ಮೆಷಿನ್ ಸದ್ದಲ್ಲಿ ಏನೂ ಕೇಳಿಸ್ತಿಲ್ಲ, ಆಫ್ ಮಾಡ್ತೀನಿ… ಹಾಂ, ಈಗ ಹೇಳಿ. ರಸ್ತೆ ಆಚೆ ನಿಂತಿದಾರೆ. ಮುಚ್ಚಿರೋ ಅಂಗಡಿ ಶಟರ್ ಹತ್ತಿರ. ನೀವು ಬಾಗಿಲು ತೆಗೆಯೋಕೆ ಮುಂಚೆಯಿಂದ… ಅಯ್ಯೋ ದೇವರೆ. ಅದೇ ಜಾಗದಲ್ಲೇ ನಿಂತಿದಾರಾ…

ಹಾಂ? ಅದೇ ಜಾಗ ಅಂದ್ನಾ? ಏನಿಲ್ಲ, ಸುಮ್ನೆ ಬಾಯಿಗೆ ಬಂತು…

ಆರೋಗ್ಯಕ್ಕೇನೂ ಆಗಿಲ್ಲ, ಗಾಬರಿ ಆಗಬೇಡಿ. ನಿನ್ನೆ ಬಂದಾಗ ಚೆನ್ನಾಗೇ ಇದ್ರು. ಹೋಗೋವಾಗ… ಹೋಗೋವಾಗ ಚೆನ್ನಾಗಿರ್ಲಿಲ್ಲ. ಅದಕ್ಕೆ ಕಾರಣ ನಾನೇ. ಹೇಳೋಕೆ ನಾಲಿಗೆ ಏಳ್ತಿಲ್ಲ ಅಮ್ಮಾ…

ಜಗಳ ಅಲ್ಲ. ದುಡ್ಡಿನ ವಿಷಯನೂ ಅಲ್ಲ. ಆಟ… ಇಸ್ಪೀಟ್ ಅಲ್ಲಮ್ಮ, ನಿಮ್ಮ ತಂದೆ ಇಸ್ಪೀಟ್ ಆಡೋ ಪೈಕಿನಾ? ಕಥೆ ಆಟ ಇದು. ಕೇಳಿಲ್ವಾ?… ಕೇಳಿರೋದಿಲ್ಲ ಬಿಡಿ, ಅವರೂ ಯಾರಿಗೂ ಹೇಳಿರಲ್ಲ.

ಭಾನುವಾರ ಸಂಜೆ ಅಂಗಡಿ ಹಿಂದಿನ ಕೋಣೇಲಿ ಸೇರ್ತೀವಿ, ಕಾಗದದ ಬಂಡಲ್‌ಗಳ ಮಧ್ಯೆ ಒಂದು ಮೇಜು ಹಾಕ್ಕೊಂಡು. ನಿಮ್ಮ ತಂದೆ, ಬಸ್ ಓಡಿಸೋ ಡ್ರೈವರಣ್ಣ, ಔಷಧಿ ಅಂಗಡಿ ಅಕ್ಕ, ಮತ್ತೆ ನಾನು. ಒಬ್ಬೊಬ್ಬರಿಗೂ ಕಥೆಯಲ್ಲಿ ಒಂದೊಂದು ಪಾತ್ರ. ನನಗೆ ಪಾತ್ರ ಇಲ್ಲ, ನಾನು ಕಥೆ ನಡೆಸೋಳು. ‘ಊರ ಬಾಗಿಲಿಗೆ ಬಂದಿದೀರಿ, ಒಳಗಿಂದ ಯಾರೋ ಚಿಲಕ ಹಾಕಿದಾರೆ, ಏನು ಮಾಡ್ತೀರಿ?’ ಅಂತ ನಾನು ಕೇಳ್ತೀನಿ. ಅವರು ಹೇಳ್ತಾರೆ. ಆಗುತ್ತೋ ಇಲ್ವೋ ಅನ್ನೋ ಕಡೆ ದಾಳ ಹಾಕ್ತಾರೆ. ಹೀಗೆ ಎಲ್ಲರೂ ಸೇರಿ ಕಥೆ ಕಟ್ಟೋದು…

ಹೌದು, ನಿಮ್ಮ ತಂದೇನೇ. ನಗ್ತಿದೀರಾ?… ನಗಿ, ಪರವಾಗಿಲ್ಲ. ಅವರದ್ದು ಊರು ಕಾಯೋನ ಪಾತ್ರ. ಲಾಠಿ ಕುಟ್ಟೋ ಸದ್ದನ್ನೂ ಬಾಯಲ್ಲೇ ಮಾಡ್ತಾರೆ. ಟಕ್, ಟಕ್ ಅಂತ. ಅಂಗಡೀಲಿ ಮುಖ ಬಿಗಿದುಕೊಂಡು ಕೂರೋ ಮನುಷ್ಯ ಇವರೇನಾ ಅನ್ನಿಸುತ್ತೆ…

ಹೇಳ್ತೀನಿ, ಅಲ್ಲಿಗೇ ಬರ್ತಿದೀನಿ. ಬೇಗ ಬರೋಕೆ ಮುಖ ಇಲ್ಲ, ಅದಕ್ಕೇ ಸುತ್ತು ಹಾಕ್ತಿದೀನಿ.

ನಾನು ಕಥೆ ಬರ್ಕೊಂಡು ಬರೋಳಲ್ಲ. ಅದೇ ನನ್ನ ಜಂಬ. ಮೊದಲೇ ಬರ್ಕೊಂಡ್ರೆ ಅದು ನನ್ನೊಬ್ಬಳ ಕಥೆ ಆಗುತ್ತೆ, ಎಲ್ಲರದ್ದಾಗಲ್ಲ ಅಂತ ಭಾಷಣ ಬೇರೆ ಬಿಗೀತೀನಿ. ಒಂದಿಷ್ಟು ಪ್ರಶ್ನೆ ತಲೇಲಿ ಇಟ್ಕೊಂಡು ಕೂರ್ತೀನಿ, ಅಷ್ಟೇ ತಯಾರಿ. ಮೇಜಿನ ಸುತ್ತ ಯಾರು ಏನು ಉತ್ತರ ಕೊಟ್ರೂ ಕಥೇಲಿ ಅದು ನಿಜ. ಮೇಜಿನ ಮೇಲೆ ಬಿದ್ದ ಮಾತು ವಾಪಸ್ ತಗೊಳ್ಳೋ ಹಾಗಿಲ್ಲ… ಹಾಂ, ನಾನೇ ಮಾಡಿದ ನಿಯಮ. ಬೇರೆ ಯಾರು ಮಾಡ್ತಾರೆ…

ಒಂದ್ನಿಮಿಷ ಅಮ್ಮಾ… ಏನಪ್ಪ? ಸ್ಪೈರಲ್ಲಾ, ಹೊಲಿಗೆನಾ?… ಸಂಜೆ ಬಾ. ಅಲ್ಲಿ ಇಟ್ಟು ಹೋಗು, ಅಂಟು ಹಸಿ ಇದೆ, ಮುಟ್ಟಬೇಡ… ಹಾಂ, ಹಲೋ. ಕ್ಷಮಿಸಿ, ಗಿರಾಕಿ. ಇನ್ನೂ ನಿಂತಿದಾರಾ?… ನಿಮ್ಮ ಕಡೆ ನೋಡ್ತಿದಾರಾ?… ಚಪ್ಪಲಿ ನೋಡ್ಕೊಂಡು ನಿಂತಿದಾರೆ. ಹೂಂ.

ನಿನ್ನೆ ನನ್ನ ತಲೇಲಿ ಒಂದು ಪ್ರಶ್ನೆನೂ ಇರ್ಲಿಲ್ಲ. ವಾರವೆಲ್ಲಾ ಕಾಲೇಜು ಮಕ್ಕಳ ರಿಪೋರ್ಟು ಹೊಲಿದು ಹೊಲಿದು ತಲೆ ಕೆಟ್ಟು ಹೋಗಿತ್ತು. ಇಂಥ ಎಷ್ಟು ಸಂಜೆ ನೋಡಿಲ್ಲ, ಏನೋ ಒಂದು ಹೊಳೆಯುತ್ತೆ ಬಿಡು ಅಂದ್ಕೊಂಡು ಬರಿಗೈಲಿ ಕೂತೆ. ಹೊಳೀಲಿಲ್ಲ. ಮೂವರೂ ನನ್ನ ಮುಖಾನೇ ನೋಡ್ತಿದಾರೆ. ಡ್ರೈವರಣ್ಣ ಆಕಳಿಸಿದ. ನಾನು ಅವಮಾನ ಸಹಿಸೋಳಲ್ಲಮ್ಮ, ಅದೇ ದೊಡ್ಡ ರೋಗ. ಆಗ ಬಾಯಿಗೆ ಬಂದದ್ದು… ನಿಮ್ಮ ತಂದೆ ಹಿಂದಿನ ವಾರ, ಎಲ್ಲ ಹೋದ ಮೇಲೆ, ಕುರ್ಚಿ ಮಡಚಿಡ್ತಾ ನನಗೊಬ್ಬಳಿಗೇ ಹೇಳಿದ ಮಾತು…

ಏನು ಮಾತು ಅಂತ ಕೇಳಬೇಡಿ. ಅದು ಅವರದ್ದು. ಒಂದ್ಸಲ ಬೀದಿಗೆ ಹಾಕಿದ್ದೇ ಸಾಕು…

ಕಥೇಲಿ ಏನು ಹೇಳ್ದೆ ಅಂತಾನಾ? ಅದನ್ನ ಹೇಳಿದ್ರೆ ಇದನ್ನ ಹೇಳಿದ ಹಾಗೇ ತಾನೆ… ಹಾಂ… ಹಾಂ, ನೀವನ್ನೋದು ಸರಿ. ಪಾಪ, ಏನೂ ಸಂಬಂಧ ಇಲ್ಲದ ಇಬ್ಬರ ಮುಂದೆ ಅದನ್ನ ನಗೆಪಾಟಲು ಮಾಡಿ, ಈಗ ಮಗಳಿಂದ ಮುಚ್ಚಿಟ್ಟು ಮರ್ಯಾದಸ್ಥೆ ಆಗೋಕೆ ಹೊರಟಿದೀನಿ.

ಒಬ್ಬ ಮುದುಕ ಇದಾನೆ ಅಂದೆ. ದೀಪ ಮಾಡೋನು. ಅವನ ಹತ್ರಾನೇ ಕೆಲಸ ಕಲಿತೋರು ಬೇರೆ ಬೀದೀಲಿ ಹೊಸ ದೀಪದ ಅಂಗಡಿ ಇಟ್ಟಿದಾರೆ. ಇವತ್ತು ಮೊದಲ ದಿನ. ಮುದುಕ ಎದುರುಗಡೆ ಮುಚ್ಚಿದ ಬಾಗಿಲ ನೆರಳಲ್ಲಿ ನಿಂತಿದಾನೆ. ಒಳಗೂ ಹೋಗ್ತಿಲ್ಲ, ಮನೆಗೂ ಹೋಗ್ತಿಲ್ಲ. ಯಾಕೆ? ಅಂತ ಕೇಳ್ದೆ… ಕನ್ನಡಕ ಇದ್ದ ಕಡೆ ದೀಪ ಇಟ್ಟೆ. ನಾನು ಪಟ್ಟ ಶ್ರಮ ಅಷ್ಟೇ…

…

ಹಲೋ?… ಅಮ್ಮಾ, ಅಳ್ತಿದೀರಾ?…

ಹೌದು. ಬಂದಿದ್ರು. ನೀವು ಅಂಗಡಿ ತೆಗೆದ ದಿನ ಬಂದಿದ್ರು. ಲೆನ್ಸ್ ತರೋಕೆ ಹೋಗಿದ್ದೆ ಅಂತ ಮನೇಲಿ ಹೇಳಿದ್ರಂತೆ… ಗಾಜಿನ ಬಾಗಿಲಲ್ಲಿ ನೀವು ಕಾಣ್ತಿದ್ರಂತೆ. ಯಾರೋ ಒಬ್ಬರಿಗೆ ಕನ್ನಡಕದ ಕಡ್ಡಿ ಬಿಸಿ ಮಾಡಿ, ಬೆರಳಲ್ಲಿ ಶಾಖ ನೋಡಿ, ಕಿವಿ ಹಿಂದೆ ಕೂರೋ ಹಾಗೆ ಬಗ್ಗಿಸಿ ಕೊಡ್ತಿದ್ರಿ. ‘ನನ್ನ ಕೈಯೇ ಅಲ್ಲಿ ಓಡಾಡ್ತಿತ್ತು’ ಅಂದ್ರು. ಅಷ್ಟು ಹೇಳಿ ಕುರ್ಚಿ ಎತ್ತಿ ಗೋಡೆಗೆ ಒರಗಿಸಿದ್ರು. ನೋಡಿ, ಹೇಳಲ್ಲ ಅಂದೋಳು ಪೂರ್ತಿ ಹೇಳಿಬಿಟ್ಟೆ. ನನ್ನ ಹೊಟ್ಟೇಲಿ ಯಾವ ಮಾತೂ ನಿಲ್ಲಲ್ಲ…

ಗೊತ್ತು, ಅದನ್ನೂ ಹೇಳಿದ್ರು. ಕಣ್ಣು ಪರೀಕ್ಷೆ ಯಂತ್ರ ತರೋಣ ಅಂತ ನೀವು ಹಟ ಹಿಡಿದದ್ದು, ಯಂತ್ರ ಬೇಕಾದ್ರೆ ಬೇರೆ ಅಂಗಡಿ ಇಟ್ಕೋ ಅಂತ ಅವರು ಅಂದದ್ದು… ಸಿಟ್ಟಲ್ಲಿ ಅಂದಿದ್ದು ಅಮ್ಮಾ. ನೀವು ನಿಜವಾಗ್ಲೂ ಇಟ್ಕೊಂಡ್ರಿ. ಆಮೇಲೆ ಆ ಮಾತು ಹೇಗೆ ವಾಪಸ್ ತಗೊಳ್ಳೋದು ಅಂತ ಅವರಿಗೆ ತಿಳೀಲಿಲ್ಲ…

ಮೇಜಿನ ಹತ್ರ ಏನಾಯ್ತು ಅಂದ್ರೆ… ಅದನ್ನೂ ಕೇಳ್ಲೇಬೇಕಾ? ಡ್ರೈವರಣ್ಣ ತಕ್ಷಣ, ‘ಹೊಟ್ಟೆಕಿಚ್ಚು ಕಣಕ್ಕ, ಅಂಗಡಿಗೆ ಬೆಂಕಿ ಇಡೋಕೆ ಬಂದಿದಾನೆ ಮುದುಕ’ ಅಂದ. ಔಷಧಿ ಅಕ್ಕ ಅದಕ್ಕೆ ಇನ್ನೊಂದು ಸೇರಿಸಿದ್ರು, ಚೀಲದಲ್ಲಿ ಎಣ್ಣೆ ಡಬ್ಬ ಇದೆ ಅಂತ. ಅವರಿಬ್ಬರ ತಪ್ಪೇನೂ ಇಲ್ಲ, ಅವರಿಗೆ ಗೊತ್ತಿಲ್ಲ. ನಾನು… ನಾನು ಮುದುಕನ ದನಿ ತೆಗೆದೆ. ಕೆಮ್ಮೋದು, ಗೊಣಗೋದು, ಹಲ್ಲು ಕಡಿಯೋದು. ಡ್ರೈವರಣ್ಣ ಹೊಟ್ಟೆ ಹಿಡ್ಕೊಂಡು ಮೇಜಿಗೆ ಒರಗಿದ…

ನಕ್ಕೆ. ನಾನೂ ನಕ್ಕೆ. ನಾನೇ ಮೊದಲು ನಕ್ಕೆ.

…

ನಿಮ್ಮ ತಂದೆ ನಗಲಿಲ್ಲ. ‘ಅವನು ಬೆಂಕಿ ಇಡೋಕೆ ಬಂದಿಲ್ಲ’ ಅಂದ್ರು. ಮೆತ್ತಗೆ, ಗಿರಾಕಿಗೆ ಪವರ್ ಹೇಳೋ ಹಾಗೆ. ನಾನು ಏನಂದೆ ಗೊತ್ತಾ? ‘ಯಜಮಾನ್ರೇ, ಮೇಜಿನ ಮೇಲೆ ಬಿದ್ದ ಮಾತು ವಾಪಸ್ ಇಲ್ಲ. ಊರು ಕಾಯೋರು ನೀವು, ಹಿಡೀರಿ ಅವನನ್ನ’ ಅಂತ ದಾಳ ಅವರ ಕೈಗೇ ಕೊಟ್ಟೆ…

ಗೊತ್ತಿತ್ತಾ ಅಂದ್ರೆ… ಗೊತ್ತಿತ್ತು. ಅವರ ಮುಖ ನೋಡಿದ್ದೆ. ಕಥೆ ಓಡ್ತಿತ್ತು ಅಮ್ಮಾ. ಎಷ್ಟೋ ವಾರದಿಂದ ಅಷ್ಟು ಚೆನ್ನಾಗಿ ಓಡಿರ್ಲಿಲ್ಲ, ಓಡ್ತಿರೋದನ್ನ ನಿಲ್ಸೋಕೆ ಮನಸ್ಸು ಬರ್ಲಿಲ್ಲ. ‘ಇದು ಬೇಡ ಬಿಡಿ, ಬೇರೆ ಕಡೆ ಹೋಗೋಣ’ ಅಂದಿದ್ರೆ ಮುಗೀತಿತ್ತು. ಬೇರೆ ಯಾರಾದ್ರೂ ನಡೆಸಿದ್ರೆ ನಾನೇ ಹಾಗೆ ಬುದ್ಧಿ ಹೇಳ್ತಿದ್ದೆ. ಊರಿಗೆಲ್ಲಾ ಹೇಳೋಳು, ನನ್ನ ಮೇಜಿನ ಹತ್ರ ನನಗೇ ಕಣ್ಣು ಕಾಣಲಿಲ್ಲ…

ಹಾಕಿದ್ರು. ದಾಳ ಗೆಲ್ತು. ಗೆದ್ರೆ, ಹೇಗೆ ಹಿಡಿದ್ರಿ ಅಂತ ಅವರೇ ಹೇಳಬೇಕು. ಹೇಳಿ ಅಂದೆ. ಕನ್ನಡಕ ತೆಗೆದು ಅಂಗಿ ತುದೀಲಿ ಒರೆಸ್ಕೊಂಡ್ರು. ಬೇರೆಯವರು ಅಂಗೀಲಿ ಒರೆಸಿದ್ರೆ ಗೀರು ಬೀಳುತ್ತೆ ಅಂತ ಬಯ್ಯೋ ಮನುಷ್ಯ. ಆಮೇಲೆ, ‘ಯಾಕೆ ನಿಂತಿದೀಯ ಅಂತ ಅವನನ್ನೇ ಯಾರಾದ್ರೂ ಕೇಳಬಹುದಿತ್ತು’ ಅಂದು ಎದ್ದು ಹೋದ್ರು…

ಇಲ್ಲ. ಹಿಂದೆ ಹೋಗ್ಲಿಲ್ಲ ನಾನು. ‘ಗೆದ್ದೋರು ಯಾಕೆ ಹೊರಟ್ರು?’ ಅಂತ ಡ್ರೈವರಣ್ಣ ಕೇಳ್ದ. ಬಾಗಿಲವರೆಗೂ ಹೋಗ್ಲಿಲ್ಲ. ಅವರ ಕಣ್ಣಿಗೆ ಬೀಳೋಕೆ ಹೆದರಿಕೆ ಆಯ್ತು. ಊರೋರಿಗೆಲ್ಲಾ ಪ್ರಶ್ನೆ ಕೇಳ್ತೀನಿ, ಎದುರಿಗೆ ಕೂತಿದ್ದೋರನ್ನ ಕೇಳ್ಲಿಲ್ಲ. ಬೆಳಿಗ್ಗೆ ಫೋನ್ ಕೊಡೋಕೆ ಹೋದಾಗ ಬಾಗಿಲು ಹಾಕಿತ್ತಲ್ಲ, ನನಗೆ ಸಮಾಧಾನ ಆಯ್ತು. ಅಷ್ಟು ಕೆಟ್ಟೋಳು…

ಹಾಂ… ಹಾಂ… ಅದೂ ನಿಜ… ಬಯ್ಯಿರಿ, ಇನ್ನೂ ಬಯ್ಯಿರಿ… ನೀವು ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿಲ್ಲ…

ಇಲ್ಲ, ಅವರು ವಾಪಸ್ ಆಟಕ್ಕೆ ಬರ್ಲಿ ಅಂತ ಕೇಳ್ತಿಲ್ಲ. ಬರಬಾರದು. ನಾನಾಗಿದ್ರೆ ಈ ಬೀದೀಲೇ ಕಾಲಿಡ್ತಿರ್ಲಿಲ್ಲ. ನೀವು ಮಾತ್ರ ನನ್ನ ಮೇಲಿನ ಕೋಪಾನ ಅವರ ಮೇಲೆ ಹಾಕಬೇಡಿ, ಅಷ್ಟೇ. ಯಾಕೆ ಪರರ ಹತ್ರ ಹೇಳ್ಕೊಂಡ್ರಿ ಅಂತ ಕೇಳ್ಬೇಡಿ. ನಿಮಗೆ ಹೇಳೋಕಾಗದೆ ನನಗೆ ಹೇಳಿದ್ದು…

ಏನಾಯ್ತು? ಹೊರಟ್ರಾ?… ಬಸ್ಸು ಅಡ್ಡ ಬಂತಾ? ನೋಡಿ, ನೋಡಿ ಸರಿಯಾಗಿ… ಇದಾರಾ? ಅಬ್ಬ. ಹೋಗಿ ಅಮ್ಮಾ ಮತ್ತೆ, ನನ್ನ ಜೊತೆ ಯಾಕೆ ಮಾತಾಡ್ತಾ ನಿಂತಿದೀರಿ. ಗಿರಾಕಿ ಕಾಯ್ಲಿ…

ಏನಂತ ಮಾತಾಡ್ಲಿ ಅಂತ ನನ್ನ ಕೇಳ್ತೀರಾ?… ಒಂದು ಕೆಲಸ ಮಾಡಿ. ನಿಮ್ಮ ಅಂಗಡಿಯ ಯಾವುದಾದ್ರೂ ಕನ್ನಡಕ ಕೈಲಿ ಹಿಡ್ಕೊಂಡು ಹೋಗಿ. ‘ಅಪ್ಪ, ಈ ಕಡ್ಡಿ ಸರಿಯಾಗಿ ಕೂರ್ತಿಲ್ಲ, ಸ್ವಲ್ಪ ನೋಡಿ’ ಅನ್ನಿ. ಆಗ ಅವರು…

ಬೇಡ. ಬೇಡಮ್ಮ, ಬಿಟ್ಟುಬಿಡಿ, ನಾನು ಹೇಳಿದ್ದು ಮರೆತುಬಿಡಿ. ನೋಡಿ, ಮತ್ತೆ ಶುರು ಮಾಡ್ದೆ. ನಿಮಗೂ ಪಾತ್ರ ಕೊಡೋಕೆ ಹೊರಟೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನೋದು ನನ್ನಂಥೋರನ್ನ ನೋಡಿಯೇ. ಏನು ಬರುತ್ತೋ ಅದನ್ನೇ ಮಾತಾಡಿ. ಬೈಗುಳ ಬಂದ್ರೆ ಬಯ್ಯಿರಿ…

ಫೋನಾ? ನಾನೇ ತಂದು ಕೊಡ್ತೀನಿ. ಎದುರಿಗೆ ನಿಂತು ತಪ್ಪಾಯ್ತು ಅಂತೀನಿ. ಅದು ನನಗೂ ಅವರಿಗೂ ಇರೋದು. ಈಗ ಅದರ ಹೊತ್ತಲ್ಲ…

ಹಾಂ. ಹೊರಟ್ರಾ?… ಹಾರ್ನ್ ಕೇಳಿಸ್ತಿದೆ. ಎರಡು ಕಡೆನೂ ನೋಡ್ಕೊಂಡು ದಾಟಿ…

ಹಲೋ?… ಅಮ್ಮಾ, ನೀವು ಕಟ್ ಮಾಡ್ಲಿಲ್ಲ. ಫೋನ್ ಕೈಲೇ ಇದೆ ನಿಮ್ದು… ಹಲೋ?…

ಕೇಳಿಸ್ತಿದೆ. ‘ಅಪ್ಪ, ಯಾಕೆ ಇಲ್ಲಿ ನಿಂತಿದೀರಿ’ ಅಂತ ನೀವು ಅವರನ್ನ ಕೇಳಿದ್ದು ನನಗೆ ಕೇಳಿಸ್ತು…

ಅವರು… ಗಂಟಲು ಸರಿ ಮಾಡ್ಕೊಂಡ್ರು. ಶುರು ಮಾಡಿದ್ರು, ಹೇಳ್ತಿದಾರೆ…

ಇಲ್ಲ. ಇದು ನನಗಲ್ಲ. ನನಗೆ ಬೇಡ, ಇಡ್ತೀನಿ, ಇಡ್…